ಕ್ಯಾಮರಾದ ಮುಂದೆ ಹೇಳಿದ ಸುಳ್ಳು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೊರಟಿದ್ದ ರೈಲು ಊರಿಗಾಂನಲ್ಲಿ ನಿಂತಿತು. ಹೊರಟೂ ಬಿಟ್ಟಿತು.

ಗಂಗರತ್ನ ಏಳಲಿಲ್ಲ.

ಏಳುವುದಾದರೂ ಹೇಗೆ? ಯಾರೋ ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ಅವಳ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು!

ಕಾಲ ಬಳಿ ಎರಡು ಹಾಲಿನ ಕ್ಯಾನುಗಳಿದ್ದವು. ಊರಿಗಾಂನ ಮನೆಗಳವರು ಪಾತ್ರೆ ಹಿಡಿದುಕೊಂಡು ದಾರಿ ನೋಡುತ್ತಿರುತ್ತಾರೆ. ಹೊತ್ತು ಮೀರಿದರೆ ಬೈಗುಳ ತಪ್ಪಿದ್ದಲ್ಲ. ಆದರೂ ಗಂಗರತ್ನ ಅಲುಗಾಡದೆ ಕೂತಿದ್ದಳು. ಬಂಗಾರಪೇಟೆಯಲ್ಲಿ ಟ್ರಂಕು ಎಳೆದುಕೊಂಡು ಹತ್ತಿದ್ದ ಆ ಹೆಂಗಸಿನ ಮುಖದಲ್ಲಿ ಅದೆಂಥ ಆಯಾಸ! ಕಣ್ಣ ಸುತ್ತ ಕಪ್ಪು, ಒಣಗಿದ ತುಟಿ...

'ಪಾಪ, ಯಾವ ಸಂಕಟವೋ ಏನೋ.'

ಮಾರಿಕುಪ್ಪಂ ಬಂತು. ಅಲ್ಲಿಂದ ಮುಂದೆ ಹಳಿಯೇ ಇಲ್ಲ. ಜನ ಇಳಿಯುವ ಗದ್ದಲಕ್ಕೆ ಅವಳು ಬೆಚ್ಚಿಬಿದ್ದು ಎದ್ದಳು.

"ಇದ್ಯಾವ ಸ್ಟೇಷನ್ರಿ?"

"ಮಾರಿಕುಪ್ಪಂ."

"ಅಯ್ಯೋ! ಊರಿಗಾಂ?"

"ಅದಾಗ್ಲೇ ಓಯ್ತು ಕಣಮ್ಮ."

"ಹೋತಾ? ನೀವು ಎಚ್ಚರ ಇದ್ರಿ, ಹೌದಿಲ್ಲೋ? ಒಂದ್ ಮಾತು ಎಬ್ಬಿಸಾಕ ಏನಾಗಿತ್ರಿ ನಿಮಗ?"

ಗಂಗರತ್ನ ಸೆರಗು ಸರಿಪಡಿಸಿಕೊಂಡಳು. "ನಾನೂ ಅಲ್ಲೇ ಇಳೀಬೇಕಾಗಿತ್ತು."

"ಮತ್ತ ಯಾಕ ಇಳೀಲಿಲ್ಲ?"

"ನೀವು ನಿದ್ದೆ ಮಾಡಿ ಎಷ್ಟ್ ದಿನ ಆಗಿತ್ತೋ ಅನ್ನಿಸ್ತು. ಎಬ್ರಿಸಾಕೆ ಮನಸ್ ಬರ್ಲಿಲ್ಲ."

ಜಗಳಕ್ಕೆ ನಿಂತಿದ್ದವಳು ಬಾಯಿ ತೆರೆದಳು. ಮಾತಿನ ಬದಲಿಗೆ ಕಣ್ಣು ತುಂಬಿ ಬಂತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಬಂದು ಹೋಗುವವರ ಪರಿವೆಯೇ ಇಲ್ಲದೆ ಅತ್ತುಬಿಟ್ಟಳು. ಗಂಗರತ್ನ ಕ್ಯಾನಿನ ಮುಚ್ಚಳಕ್ಕೆ ಹಾಲು ಬಗ್ಗಿಸಿ ಅವಳ ಮುಂದೆ ಹಿಡಿದಳು.

"ಕುಡೀರಿ. ಅಳಾಕೂ ಶಕ್ತಿ ಬೇಕಲ್ವಾ..."

ಅಳುತ್ತಿದ್ದವಳು ಫಕ್ಕನೆ ನಕ್ಕಳು!

ಅವಳ ಹೆಸರು ದಾಕ್ಷಾಯಣಿ. ರಾಣೆಬೆನ್ನೂರಿನವಳು. ಕೆ.ಜಿ.ಎಫ್‌ನ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಕ್ಷೆ ತೆಗೆಯುವ ಕೆಲಸ. ಮನೆಯವರು ನೋಡಿದ್ದ ಮತ್ತೊಂದು ಗಂಡನ್ನು ಬೇಡವೆಂದು, 'ಇನ್ನು ಈ ಹೊಸ್ತಿಲು ತುಳೀಬ್ಯಾಡ' ಎಂಬ ತಾಯಿಯ ಮಾತು ಕೇಳಿಸಿಕೊಂಡು ಹಿಂದಿರುಗುತ್ತಿದ್ದಳು.

ಗಂಗರತ್ನ ಬಂಗಾರಪೇಟೆ ಪಕ್ಕದ ಗೊಲ್ಲಕುಂಟೆಯವಳು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ, ಅಣ್ಣ ಮುನಿನಾರಾಯಣಪ್ಪನ ಮನೆಗೆ ಬಂದು ಹಸು ಕಟ್ಟಿ, ಹಾಲು ಮಾರಿ ತನ್ನ ಅನ್ನ ತಾನು ದುಡಿಯುತ್ತಿದ್ದಳು.

ಅದು ಎಂಬತ್ತನಾಲ್ಕನೇ ಇಸವಿ. ಆ ದಿನದಿಂದ ದಾಕ್ಷಾಯಣಿಯ ಮನೆಗೂ ಗಂಗರತ್ನಳ ಹಾಲು ಹೋಗತೊಡಗಿತು. ಹಾಲಿನ ಜೊತೆ ಮಾತು. ಮಾತಿನ ಜೊತೆ ಮುದ್ದೆ, ಉಪ್ಸಾರು. ಭಾನುವಾರಗಳಲ್ಲಿ ದಾಕ್ಷಾಯಣಿ ತಟ್ಟಿದ ರೊಟ್ಟಿ.

ಅದು ಬರೀ ಸ್ನೇಹವಲ್ಲ ಎಂದು ಗೊತ್ತಾಗಿದ್ದು ಗಂಗರತ್ನಳಿಗೆ ಜ್ವರ ಬಂದಾಗ. ದಾಕ್ಷಾಯಣಿ ಕೆಲಸಕ್ಕೆ ರಜೆ ಹಾಕಿ ಪಕ್ಕದಲ್ಲಿ ಕೂತಿದ್ದಳು. ಒದ್ದೆ ಬಟ್ಟೆ ತೆಗೆದಿಟ್ಟು, ಆ ಬಿಸಿ ಹಣೆಗೆ ತನ್ನ ತುಟಿ ಒತ್ತಿದಳು.

ಗಂಗರತ್ನ ಕಣ್ಣು ತೆರೆಯಲಿಲ್ಲ. ಆದರೆ ಅವಳ ಕೈಯನ್ನು ಬಿಡಲೂ ಇಲ್ಲ.

'ಗಂಡನ ಮನೇಲಿ ಆರು ವರ್ಷ ಇದ್ದೆ. ಒಂದಿನಾನೂ ಎದೆ ಹಿಂಗೆ ಹೊಡ್ಕಂಡಿರ್ಲಿಲ್ಲವಲ್ಲ ದೇವ್ರೇ...'

ದಾಕ್ಷಾಯಣಿಗೆ ಕಾರ್ಖಾನೆಯ ಕ್ವಾರ್ಟರ್ಸ್ ಸಿಕ್ಕ ಮೇಲೆ ಗಂಗರತ್ನ ಅಲ್ಲಿಗೇ ಬಂದಳು. ನೆರೆಯವರು ಕೇಳಿದರೆ ಅಡುಗೆಯವಳು. ಊರಲ್ಲಿ ಕೇಳಿದರೆ 'ಮೇಡಂ ಒಬ್ರೇ ಅವ್ರಲ್ಲ, ಜೊತೆಗಿದೀನಿ'. ಹೊರಗೆ 'ಮೇಡಂ', ಬಾಗಿಲು ಹಾಕಿದ ಮೇಲೆ 'ದಾಕ್ಷಿ'.

ಕೇಳಲು ಚೆನ್ನಾಗಿದೆ. ಬದುಕಲು?

ಹಸುಗಳು ಗೊಲ್ಲಕುಂಟೆಯಲ್ಲಿ, ಮನಸ್ಸು ಕೆ.ಜಿ.ಎಫ್‌ನಲ್ಲಿ. ದಿನಾ ಬೆಳಗ್ಗೆ ಹೋಗಿ ಹಾಲು ಕರೆಯಬೇಕು, ಕ್ಯಾನು ಹೊತ್ತು ರೈಲು ಹತ್ತಬೇಕು, ಮನೆಮನೆಗೆ ಹಾಕಬೇಕು. ಹುಲ್ಲಿಗೆಂದು ಮತ್ತೆ ಊರು. ನೆಂಟರು ಬಂದರೆ ತನ್ನ ಚಾಪೆ ಅಡುಗೆಮನೆಗೆ. ದಾಕ್ಷಾಯಣಿಯ ಆಫೀಸಿನವರು ಬಂದರೆ ಕಾಫಿ ಕೊಟ್ಟು ಹಿತ್ತಲಿಗೆ. ಒಂಬತ್ತು ವರ್ಷ! ಹೆಗಲು ಇಳಿಬಿದ್ದಿತ್ತು. ಕೂದಲಲ್ಲಿ ಬಿಳಿ ಇಣುಕಿತ್ತು. ಬೇಸರವೆಂದಲ್ಲ... ದಣಿವು. ಮಲಗಿ ಎದ್ದರೂ ಹೋಗದ ದಣಿವು.

ತೊಂಬತ್ತಮೂರರಲ್ಲಿ ಕ್ಯಾಮರಾ ಬಂತು.

ಬೆಂಗಳೂರಿನ ಸುಲೋಚನಾ ಎಂಬಾಕೆ ವಿಡಿಯೋದಲ್ಲಿ ಚಿಕ್ಕ ಚಿಕ್ಕ ಸಾಕ್ಷ್ಯಚಿತ್ರಗಳನ್ನು ಮಾಡುತ್ತಿದ್ದಳು. ಕತ್ತರಿಸಿದ ಕೂದಲು, ಖಾದಿ ಜುಬ್ಬಾ, ಮೆತ್ತಗಿನ ಮಾತು. ಈ ಸಲದ ಚಿತ್ರ ಕೆ.ಜಿ.ಎಫ್, ಬಂಗಾರಪೇಟೆ ಕಡೆಯ ಒಂಟಿ ಹೆಂಗಸರ ಬಗ್ಗೆ. ಗಣಿಯಲ್ಲಿ ಗಂಡನನ್ನು ಕಳೆದುಕೊಂಡವರು, ಗಂಡ ಬಿಟ್ಟವರು, ಮದುವೆಯೇ ಬೇಡವೆಂದವರು. ಗೊಲ್ಲಕುಂಟೆಯ ಮಹಿಳಾ ಹಾಲಿನ ಸಂಘದಲ್ಲಿ ಚಿತ್ರ ತೆಗೆದಾಗ ಗಂಗರತ್ನ ಗಂಡನ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಅವಳೇ ಸುಲೋಚನಾಳನ್ನು ಕ್ವಾರ್ಟರ್ಸಿಗೆ ಕರೆತಂದಳು.

"ನಮ್ ಮೇಡಮ್ಮೋರ್ನೂ ತೆಗೀರಿ. ಓದ್ಕಂಡೋರು, ಚೆಂದಾಗಿ ಮಾತಾಡ್ತಾರೆ."

ಅವಳ ಎದೆಯೊಳಗೆ ಒಂದು ಆಸೆಯಿತ್ತು. ದಾಕ್ಷಿ ತನ್ನ ಬಗ್ಗೆ ಏನಾದರೂ ಹೇಳುತ್ತಾಳೆ. ಎಲ್ಲವನ್ನೂ ಅಲ್ಲ... 'ರತ್ನ ಇದಾಳ, ಅದಕ್ಕ ನಾ ಇದೀನಿ' ಅಂತ ಅಷ್ಟಾದರೂ!

ದಾಕ್ಷಾಯಣಿ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಳು. ಮುಖಕ್ಕೆ ಬೆಳಕು ಸಾಲದೆಂದು ಸುಲೋಚನಾ ಒಂದು ದೊಡ್ಡ ಬಿಳಿ ಥರ್ಮೋಕೋಲ್ ಹಲಗೆಯನ್ನು ಗಂಗರತ್ನಳ ಕೈಗೆ ಕೊಟ್ಟಳು.

"ಕಿಟಕಿ ಬೆಳಕು ಇದಕ್ಕೆ ಬಿದ್ದು ಅವರ ಮುಖಕ್ಕೆ ಹೋಗಬೇಕು. ಹೀಗೇ ಹಿಡ್ಕೊಂಡು ನಿಂತಿರಿ, ಆಯ್ತಾ?"

ಗಂಗರತ್ನ ಹಿಡಿದಳು. ದಾಕ್ಷಿಯ ಮುಖ ಬೆಳಗಿತು. 'ಎಷ್ಟ್ ಚೆಂದಾಗವ್ಳೆ ನನ್ ದಾಕ್ಷಿ...'

ಕ್ಯಾಮರಾ ಓಡತೊಡಗಿತು. ಊರು, ಕೆಲಸ, ಮದುವೆ ಬೇಡವೆಂದಿದ್ದು, ಎಲ್ಲ ಆಯಿತು. ಕೊನೆಗೆ ಸುಲೋಚನಾ ಕೇಳಿದಳು:

"ಈಗ ಈ ಮನೆಯಲ್ಲಿ ಯಾರ್ಯಾರಿದೀರಿ?"

"ನಾ ಒಬ್ಬಾಕಿನ."

"ಗಂಗರತ್ನಮ್ಮ?"

ದಾಕ್ಷಾಯಣಿ ಹಲಗೆಯ ಕಡೆ ನೋಡಲಿಲ್ಲ.

"ಆಕಿ ಹಾಲು ಹಾಕ್ತಾಳ್ರಿ. ಅಡಗಿ ಮಾಡಿಕೊಟ್ಟು ಹೋಗ್ತಾಳ. ನನಗ ಅಂತ ಯಾರೂ ಇಲ್ರಿ."

"ಗಂಗರತ್ನಮ್ಮ, ಬೆಳಕು ಅಲುಗಾಡ್ತಿದೆ. ಸ್ವಲ್ಪ ನೇರ ಹಿಡೀತೀರಾ?"

ಗಂಗರತ್ನ ನೇರವಾಗಿ ಹಿಡಿದಳು. ಎರಡೂ ಕೈ ಸೋತು ಮರಗಟ್ಟುವವರೆಗೂ, ತನ್ನನ್ನು ಯಾರೂ ಅಲ್ಲವೆಂದ ಆ ಮುಖದ ಮೇಲೆ ಬೆಳಕು ಬೀಳಿಸುತ್ತಲೇ ನಿಂತಿದ್ದಳು.

ಸುಲೋಚನಾ ಹೊರಟ ಮೇಲೆ ಗಂಗರತ್ನ ಜಗಳವಾಡಲಿಲ್ಲ. ಲೋಟ ತೊಳೆದಿಟ್ಟಳು. ಸಾರಿಗೆ ಒಗ್ಗರಣೆ ಹಾಕಿದಳು. ಬ್ಯಾಗಿಗೆ ಎರಡು ಸೀರೆ ತುರುಕಿಕೊಂಡಳು.

"ಎಲ್ಲಿಗೆ ಹೊಂಟಿ ರತ್ನಾ?"

"ಊರ್ಗೆ. ಹಸ ಈಯಂಗೈತೆ. ಒಂದೆಲ್ಡ್ ದಿನ ಬರಾಕಾಗಲ್ಲ."

"ರತ್ನಾ... ನಾ ಹೇಳಿದ್ದು..."

"ಸಾರು ಒಲೆ ಮೇಲೈತೆ. ಬಿಸಿ ಮಾಡ್ಕಳಿ, ಮೇಡಂ."

ಬಾಗಿಲು ಹಾಕಿದ ಮನೆಯೊಳಗೆ ಅವಳು 'ಮೇಡಂ' ಅಂದದ್ದು ಅದೇ ಮೊದಲು. ದಾಕ್ಷಾಯಣಿಯ ಮುಖ ಬಿಳಿಚಿಕೊಂಡಿತು. ಆದರೆ ಅವಳು ತಡೆಯಲಿಲ್ಲ.

ಹಸು ಈಯಿತು. ಕರುವೂ ಓಡಾಡತೊಡಗಿತು. ಗಂಗರತ್ನ ಹಿಂದಿರುಗಲಿಲ್ಲ. ಹಾಲನ್ನೆಲ್ಲ ಊರ ಸಂಘಕ್ಕೇ ಹಾಕಿದಳು. ಪ್ರತಿದಿನ ಕೊಟ್ಟಿಗೆಯಲ್ಲಿ ಕೂತಾಗ ಕಿವಿ ರಸ್ತೆಯ ಕಡೆಗೇ. 'ಬತ್ತಾಳೆ. ಇವತ್ತು ಬತ್ತಾಳೆ...'

ದಾಕ್ಷಾಯಣಿ ಬರಲಿಲ್ಲ.

'ಬರಾಕೆ ನಾನ್ಯಾರು? ಹಾಲು ಹಾಕೋಳು! ಹಾಲಿನೋಳು ಹೋದ್ರೆ ಇನ್ನೊಬ್ಳು ಬತ್ತಾಳೆ.'

ಅಣ್ಣ ಮುನಿನಾರಾಯಣಪ್ಪ ತಂಗಿ ಸೊರಗುವುದನ್ನು ನೋಡುತ್ತಿದ್ದ. ಕೆಟ್ಟವನಲ್ಲ. ಆದರೆ ಹೆಣ್ಣಿನ ಸಂಕಟಕ್ಕೆ ಮದುವೆಯೊಂದೇ ಮದ್ದು ಎಂದು ನಂಬಿದವನು.

"ರತ್ನಮ್ಮ, ಬಂಗಾರಪೇಟೆ ಕೋದಂಡಪ್ಪ ಗೊತ್ತಲ್ಲ? ಸೈಕಲ್ ಶಾಪು ಇಟ್ಟವ್ನೆ. ಎಂಡ್ರು ತೀರ್ಕಂಡು ವರ್ಸಾಯ್ತು. ಒಳ್ಳೆ ಮನ್ಸ. ಮನೆ ಮುಂದೇನೇ ಸರಳವಾಗಿ ಸೀರೆ ಉಡಿಸಿ ಕರ್ಕೊಂಡೋಗ್ತೀನಿ ಅಂದವ್ನೆ."

"ನಂಗ್ಯಾಕಣ್ಣ ಇನ್ ಮದ್ವೆ?"

"ವಯಸ್ಸಾದ್ ಮೇಲೆ ನಿಂಗ್ಯಾರವ್ರೆ ಹೇಳು?"

ನನಗ ಅಂತ ಯಾರೂ ಇಲ್ರಿ... ಆ ದನಿ ಕಿವಿಯಲ್ಲಿ ಮತ್ತೆ ಕೇಳಿಸಿತು. ಗಂಗರತ್ನ ಹುಲ್ಲಿನ ಕಂತೆಯ ಮೇಲೆ ಕುಸಿದು ಕೂತಳು. ಬೇಡ ಎನ್ನಲೂ ಶಕ್ತಿ ಬೇಕು. ಆ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ನಿನ್ನಿಷ್ಟ ಕಣಣ್ಣ."

ಅಣ್ಣ ಅದನ್ನೇ ಒಪ್ಪಿಗೆ ಎಂದುಕೊಂಡ.

ಅದರ ಮುಂದಿನ ಭಾನುವಾರ ಮಧ್ಯಾಹ್ನ ಸುಲೋಚನಾ ಗೊಲ್ಲಕುಂಟೆಗೆ ಬಂದಳು. ಚಿತ್ರ ಮುಗಿದಿತ್ತು. ಯಾರ ಬದುಕನ್ನು ಚಿತ್ರಿಸಿದಳೋ ಅವರಿಗೇ ಮೊದಲು ತೋರಿಸುವುದು ಅವಳ ಪದ್ಧತಿ. ಬಂಗಾರಪೇಟೆಯಿಂದ ಬಾಡಿಗೆಗೆ ತಂದ ಟಿ.ವಿ., ವಿ.ಸಿ.ಆರ್. ಹಾಲಿನ ಸಂಘದ ಕೋಣೆಯಲ್ಲಿ ಕೂತವು. ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿದರು. ಹೆಂಗಸರೆಲ್ಲ ಒತ್ತೊತ್ತಾಗಿ ಕೂತರು.

ಗಂಗರತ್ನ ಬರಬಾರದೆಂದುಕೊಂಡಿದ್ದಳು. ಕಾಲು ಕೇಳಲಿಲ್ಲ. ಬಾಗಿಲ ಹತ್ತಿರವೇ ಕೂತಳು. 'ಆ ಮಾತು ಬರೋವಾಗ ಎದ್ದೋದ್ರಾಯ್ತು.'

ಚಾಂಪಿಯನ್ ರೀಫ್ಸ್ ಗಣಿಯ ಕಡೆಯ ಮುದುಕಿಯೊಬ್ಬಳು ತಮಿಳಿನಲ್ಲಿ ಗಂಡನ ಸಾವನ್ನು ಹೇಳಿದಳು. ಗೊಲ್ಲಕುಂಟೆಯ ಚಿಕ್ಕವೆಂಕಟಮ್ಮ ಪರದೆಯ ಮೇಲೆ ಬಂದಾಗ ಕೋಣೆ ನಗೆಯಿಂದ ತುಂಬಿತು. ಗಂಗರತ್ನ ಬಂದಳು, ಹಸು ತೊಳೆಯುತ್ತಾ ಗಂಡನನ್ನು ಬೈದಳು. ಮತ್ತಷ್ಟು ನಗು.

ಇನ್ನೇನು ದಾಕ್ಷಿ ಬರುತ್ತಾಳೆ... ಗಂಗರತ್ನ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು.

ಚಿತ್ರ ಮುಗಿಯಿತು. ದಾಕ್ಷಾಯಣಿ ಬರಲೇ ಇಲ್ಲ!

ಹೆಂಗಸರೆಲ್ಲ ಹೊರಟ ಮೇಲೆ ಗಂಗರತ್ನ ಸುಲೋಚನಾಳ ಬಳಿ ಬಂದಳು.

"ನಮ್ ಮೇಡಮ್ಮೋರ್ದು... ಆಕ್ಲಿಲ್ವಾ?"

ವೈರು ಸುತ್ತುತ್ತಿದ್ದ ಸುಲೋಚನಾ ಕೈ ನಿಲ್ಲಿಸಿದಳು. "ಅವರೇ ತೆಗೆಸಿಬಿಟ್ರು. ಬೆಂಗಳೂರಿಗೆ ನನ್ನ ಮನೆಗೇ ಬಂದಿದ್ರು. ನಾನು ಕ್ಯಾಮರಾದ ಮುಂದೆ ಸುಳ್ಳು ಹೇಳೇನಿ, ಅದನ್ನ ಅಳಿಸಿಬಿಡ್ರಿ ಅಂದ್ರು."

"ಸುಳ್ಳಾ?"

"ಹಾಗಾದ್ರೆ ನಿಜಾನ ಈಗ ಹೇಳಿ, ಮತ್ತೆ ತೆಗೀತೀನಿ ಅಂದೆ. ಬೇಡ ಅಂದ್ರು. ಆ ನಿಜ ಮೊದಲು ರತ್ನಾಗ ಹೇಳಬೇಕು, ಕ್ಯಾಮರಾಕ್ಕಲ್ಲ... ಅಂತ. ಯಾಕೆ, ಇನ್ನೂ ಹೇಳಿಲ್ವಾ ಅವರು?"

"ಅವ್ಳು ಈ ಕಡೆ ಬರ್ಲೇ ಇಲ್ಲ."

"ಬಂದಿದ್ರಲ್ಲ! ಬೆಂಗಳೂರಿಂದ ಸೀದಾ ಇಲ್ಲಿಗೇ ಹೊರಟಿದ್ರು."

ಕೋಣೆಯಲ್ಲಿ ಅವರಿಬ್ಬರೇ ಇದ್ದರು. ಸುಲೋಚನಾ ದನಿ ತಗ್ಗಿಸಿದಳು.

"ಗಂಗರತ್ನಮ್ಮ, ತಪ್ಪು ತಿಳೀಬೇಡಿ. ನೀವಿಬ್ಬರೂ ಏನು ಅಂತ ನನಗೆ ಅವತ್ತೇ ಅನ್ನಿಸಿತ್ತು. ನಾನೂ ಅಂಥವಳೇ. ನನ್ನ ಜೊತೆಗೂ ಒಬ್ಬಳಿದ್ದಾಳೆ. ಬೆಂಗಳೂರಲ್ಲಿ ನಮ್ಮಂಥವರು ಇನ್ನೂ ಇದ್ದಾರೆ. ಅವರ ಬಗ್ಗೆಯೇ ಒಂದು ಚಿಕ್ಕ ಚಿತ್ರ ಮಾಡ್ತಿದೀನಿ. ಕೆಲವರು ಮುಖ ತೋರಿಸ್ತಾರೆ, ಕೆಲವರು ದನಿ ಮಾತ್ರ ಕೊಡ್ತಾರೆ."

ಗಂಗರತ್ನ ಬೆರಗಾಗಿ ನೋಡಿದಳು. ಇಷ್ಟು ವರ್ಷ ಈ ಭೂಮಿಯ ಮೇಲೆ ತಾವಿಬ್ಬರೇ ಹೀಗೆ ಎಂದುಕೊಂಡಿದ್ದಳು.

"ಬೇರೇರೂ ಅವ್ರಾ?"

"ಬೇಕಾದಷ್ಟು ಜನ."

ಎದೆಯ ಮೇಲಿದ್ದ ಗುಂಡುಕಲ್ಲೊಂದು ಒಂದಿಷ್ಟು ಸರಿದಂತಾಯಿತು. ಗಂಗರತ್ನ ಕಣ್ಣೊರೆಸಿಕೊಂಡು ಮನೆಗೆ ಓಡಿದಳು.

"ಅಣ್ಣಾ! ಮೇಡಂ ಬಂದಿದ್ರಾ ಇಲ್ಲಿಗೆ?"

ಮುನಿನಾರಾಯಣಪ್ಪ ಮುಖ ತಿರುಗಿಸಿದ. "ಬಂದಿದ್ಲು, ಹಸ ಈದ್ ವಾರಾನೇ. ನೀನು ಮೇವಿಗೋಗಿದ್ದೆ. ನಮ್ ರತ್ನಮ್ಮ ಮದ್ವೆಗೆ ಒಪ್ಪವ್ಳೆ, ಇನ್ ಬಂದು ಮನಸ್ ಕೆಡಿಸ್ಬೇಡಮ್ಮ ಅಂದೆ."

"ಅವತ್ತಿನ್ನೂ ನೀನು ನನ್ ಕೇಳೇ ಇರ್ಲಿಲ್ವಲ್ಲಣ್ಣ!"

"ನಿನ್ ಒಳ್ಳೇದಕ್ಕೇ ಕಣಮ್ಮ... ಜನ ಏನೇನೋ ಮಾತಾಡ್ತಾರೆ ನಿಮ್ಮಿಬ್ರು ಬಗ್ಗೆ. ನಾನು ಕೇಳಿಸ್ಕಂಡೂ ಕೇಳಿಸ್ದಂಗೆ ಇದೀನಿ."

"ಜನ ಆಡೋದು ದಿಟಾನೇ ಅಣ್ಣ."

ಮಾತು ಬಾಯಿಂದ ಬಿದ್ದೇ ಹೋಯಿತು. ಗಂಗರತ್ನಳಿಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಹೆದರಿ ಹೆದರಿ ಸುಸ್ತಾಗಿತ್ತು.

"ಕೋದಂಡಪ್ಪಂಗೆ ಬ್ಯಾಡ ಅಂತೇಳ್ಬುಡು. ಒಳ್ಳೆ ಮನ್ಸಂಗೆ ಮೋಸ ಆಗ್ಬಾರ್ದು."

ಮುನಿನಾರಾಯಣಪ್ಪ ಬೈಯಲಿಲ್ಲ, ಹರಸಲೂ ಇಲ್ಲ. ಇಷ್ಟೇ ಹೇಳಿದ:

"ಸಂಜೆ ಹಾಲು ನಾನು ಕರ್ಕೊಂತೀನಿ. ಓಗು."

ಕ್ವಾರ್ಟರ್ಸಿನ ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಒಳಗೆ ಬರೀ ಗೋಡೆ! ಕುರ್ಚಿಯಿಲ್ಲ, ಮಂಚವಿಲ್ಲ. 'ರಾಣೆಬೆನ್ನೂರ್ಗೆ ಹೊಂಟೋದ್ಲಾ? ಮದ್ವೆಗೆ ಒಪ್ಕಂಡ್ಲಾ? ಅಯ್ಯೋ ದೇವ್ರೇ...'

ಪಕ್ಕದ ಮನೆಯ ತಮಿಳು ಹೆಂಗಸು ಕನಕಮ್ಮ ಹೊರಗೆ ಬಂದಳು. "ಏನ್ ಗಂಗರತ್ನ, ನಿಂಗೆ ತೆರಿಯಾದಾ, ಗೊತ್ತಾಗ್ಲಿಲ್ವಾ? ಮೇಡಂ ಮನೆ ಖಾಲಿ ಮಾಡಿ ವಾರ ಆಯ್ತು."

"ಎಲ್ಲಿಗಕ್ಕ?"

"ಬಂಗಾರಪೇಟೆಗೆ. ಸ್ಟೇಷನ್ ಹಿಂದ್ಗಡೆ ಹುಣಸೆಮರ ಇದೆ ನೋಡು, ಅದ್ರ ಪಕ್ಕದ್ ಹೆಂಚಿನ್ ಮನೆ. ಇಂಥಾ ಒಳ್ಳೆ ಕ್ವಾರ್ಟರ್ಸ್ ಬಿಟ್ಟು ಅಂಥಾ ಹಳೇ ಮನೆಗ್ ಯಾಕ್ ಹೋದ್ರೋ!"

ಗಂಗರತ್ನ ಮತ್ತೆ ರೈಲು ಹತ್ತಿದಳು. ಕೂರಲು ಜಾಗವಿತ್ತು. ಕೂರಲಾಗಲಿಲ್ಲ.

ಹೆಂಚಿನ ಮನೆಯ ಬಾಗಿಲು ತೆರೆದೇ ಇತ್ತು. ಹಿತ್ತಲಿನಿಂದ ಬಡಿಯುವ ಸದ್ದು. ಗಂಗರತ್ನ ಒಳಗಿನಿಂದಲೇ ಹಾದು ಹಿಂದಕ್ಕೆ ಹೋದಳು. ಅಲ್ಲೊಂದು ಮುರುಕಲು ಕೊಟ್ಟಿಗೆ. ನಕ್ಷೆ ಬರೆಯುವ ನಯವಾದ ಕೈಗಳಲ್ಲಿ ಸುತ್ತಿಗೆ ಹಿಡಿದು, ದಾಕ್ಷಾಯಣಿ ಸೊಟ್ಟ ಗೂಟವೊಂದನ್ನು ನೆಲಕ್ಕೆ ಹೊಡೆಯುತ್ತಿದ್ದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು.

"ಅಂಗ್ ಹೊಡುದ್ರೆ ಹಸ ಅಲ್ಲ, ಕರೂನೂ ಕಿತ್ಕಂಡೋಯ್ತದೆ."

ಸುತ್ತಿಗೆ ಕೆಳಗೆ ಬಿತ್ತು.

"ರತ್ನಾ!"

ಇಬ್ಬರೂ ದೂರದಲ್ಲೇ ನಿಂತರು. ಯಾರು ಮೊದಲು ಹೆಜ್ಜೆ ಇಡಬೇಕು?

"ಮದುವಿ... ಯಾವಾಗ?" ದಾಕ್ಷಾಯಣಿ ಕೇಳಿದಳು.

"ಇಲ್ಲ. ಅಣ್ಣ ಸುಳ್ಳೇಳಿದ್ದ. ನೀನೇಳಿದ್ಯಲ್ಲ, ಅಂಗೆ."

ಆ ಏಟು ಸರಿಯಾಗಿಯೇ ತಾಗಿತು. ದಾಕ್ಷಾಯಣಿ ಗೋಡೆಗೊರಗಿ ಕೂತಳು.

"ಬೈ ರತ್ನಾ. ಬೈಸ್ಕೊಳ್ಳಾಕ ತಯಾರ ಅದೀನಿ. ಕ್ಯಾಮರಾದವರು ಬರೂಕಿಂತ ಮದಲ ಆಫೀಸಿನ್ಯಾಗ ನನ್ನ ಕರಿಸಿದ್ರು. ನಿಮ್ಮ ಮನ್ಯಾಗಿರೂ ಹೆಂಗಸು ಯಾರು, ಸಂಬಂಧ ಏನು, ಯಾರೋ ದೂರು ಹೇಳ್ಯಾರ ಅಂದ್ರು. ಯಾರೂ ಅಲ್ರಿ, ಹಾಲು ಹಾಕ್ತಾಳ ಅಂದೆ. ನಿನಗ ಹೇಳಿದ್ರ ನನ್ನ ನೌಕರಿ ಉಳಸಾಕ ನೀನ ಬಿಟ್ಟು ಹೋಗ್ತಿದ್ದಿ. ಅದಕ್ಕ ಮುಚ್ಚಿಟ್ಟೆ. ಕ್ಯಾಮರಾ ಮುಂದನೂ ಅದ ಮಾತು ಬಾಯಿಗೆ ಬಂತು... ಅಂಜಿಕಿ ಒಂದ ಸಲ ಬಾಯಿಪಾಠ ಆದ್ರ ಮುಗೀತು ನೋಡು."

"ನನ್ ಕೈಯಾಗೇ ಬೆಳಕು ಹಿಡಿಸ್ಕಂಡು ಹೇಳ್ದಲ್ಲೇ ದಾಕ್ಷಿ..."

"ಗೊತ್ತೈತಿ. ಅವತ್ತಿಂದ ಕನ್ನಡಿ ನೋಡಿಲ್ಲ ನಾ."

ಗಂಗರತ್ನಳ ಸಿಟ್ಟು ಕರಗಲಿಲ್ಲ. ಆದರೂ ಬಂದು ಪಕ್ಕದಲ್ಲೇ, ಒಂದು ಗೇಣು ಬಿಟ್ಟು ಕೂತಳು.

"ನಂಗೆ ಮದ್ವೆ ಅಂತ ತಿಳ್ಕಂಡೂ ಕೊಟ್ಟಿಗೆ ಇರೋ ಮನೆ ಯಾಕ್ ಮಾಡ್ದೆ?"

"ಆ ಮಾತು ಆಡಿದ ಮನ್ಯಾಗ ಇರಾಕ ಆಗಲಿಲ್ಲ. ಮನಿ ಹುಡಕೂ ಮುಂದ ದಲ್ಲಾಳಿ ಏನ್ ಬೇಕ್ರಿ ಅಂದ. ಕೊಟ್ಟಿಗಿ ಬೇಕು ಅಂದ್ನಿ. ನಾ ಯಾಕ ಹಂಗ ಅಂದೆನೋ ನನಗ ಗೊತ್ತಿಲ್ಲ. ನಾ ಒಬ್ಬಾಕಿ ಅಲ್ಲ ರತ್ನಾ. ಎಂದೂ ಆಗಿರಲಿಲ್ಲ. ನೀ ಬರದಿದ್ರೂ ನಾ ಒಬ್ಬಾಕಿ ಆಗ್ತಿರಲಿಲ್ಲ... ನಿನ್ನ ಹಾದಿ ಕಾಯೂ ಹೆಂಗಸಾಗ್ತಿದ್ದೆ."

ಗಂಗರತ್ನಳ ಕಣ್ಣಿಂದ ನೀರು ಇಳಿಯಿತು. ಆ ಒಂದು ಗೇಣನ್ನು ಯಾರು ದಾಟಿದರೋ ಗೊತ್ತಾಗಲಿಲ್ಲ. ಬೊಬ್ಬೆ ಎದ್ದ ಆ ಅಂಗೈಯನ್ನು ಗಂಗರತ್ನ ತನ್ನ ಕೆನ್ನೆಗೆ ಒತ್ತಿಕೊಂಡಳು.

"ಇಲ್ಲೂ ಜನ ಕೇಳ್ತಾರೆ ಕಣೆ. ಇವ್ಳ್ಯಾರು ಅಂತ."

"ಕೇಳ್ಲಿ. ನನ್ನಾಕಿ ಅಂತೇನಿ. ತಿಳಿದ್ರ ತಿಳೀಲಿ, ಇಲ್ಲಂದ್ರ ಬಿಡ್ಲಿ."

"ಸುಲೋಚನಮ್ಮ ಇನ್ನೊಂದ್ ಚಿತ್ರ ತೆಗೀತಾರಂತೆ. ನಮ್ಮಂಥೋರ್ದು."

"ನೀ ಹೂಂ ಅಂದ್ರ ನಾ ಮುಖ ತೋರಿಸಾಕೂ ತಯಾರ."

"ಈಗ್ಲೇ ಬ್ಯಾಡ. ಮೊದ್ಲು ಬದುಕಾಣ. ಆಮ್ಯಾಕೆ ತೋರ್ಸಾಣ."

ಹುಣಸೆಮರದ ನೆರಳು ಹಿತ್ತಲಿಗೆ ಚಾಚಿತ್ತು. ಇಬ್ಬರಿಗೂ ಏಳಲು ಮನಸ್ಸಿರಲಿಲ್ಲ. ಒಲೆ ಹಚ್ಚಬೇಕು, ನೀರು ತರಬೇಕು, ಹಸುಗಳನ್ನು ಕರೆತರುವ ದಾರಿ ನೋಡಬೇಕು. ಆಗಲಿ, ಆಮೇಲೆ.

"ನನ್ ಸಿಟ್ಟು ಇನ್ನೂ ಓಗಿಲ್ಲ ದಾಕ್ಷಿ. ಜಗಳ ಬಾಕಿ ಐತೆ. ಇವತ್ತು ಕೈಲಾಗಲ್ಲ, ಸುಸ್ತಾಗೈತೆ."

"ನಾಳೆ ಆಡು."

"ನಾಳೇನೂ ಮುಗಿಯಲ್ಲ. ದಿನಾ ಆಡ್ತೀನಿ."

ದಾಕ್ಷಾಯಣಿ ಅವಳ ಹೆಗಲ ಮೇಲೆ ಕೈ ಹಾಕಿ ಹತ್ತಿರಕ್ಕೆಳೆದುಕೊಂಡಳು.

"ದಿನಾ ಆಡು ರತ್ನಾ. ಜಗಳ ಆಡಾಕಾದ್ರೂ ದಿನಾ ಇರು."